ಮಂಗಳವಾರದ ಬೆಂಚು

ನಾನು ಬೇವಿನ ಮರದ ಬೆಂಚು. ಆರು ಅಡಿ ಉದ್ದ, ಒಂದೂವರೆ ಗೇಣು ಅಗಲ, ಕಾಲು ನಾಲ್ಕು. ನಾಲ್ಕರಲ್ಲಿ ಒಂದು ತುಸು ಗಿಡ್ಡ. ಆ ಗಿಡ್ಡ ಕಾಲಿನ ಕತೆಯನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವು ಬಡಿಗೇರ ಮೌನೇಶಪ್ಪನನ್ನು ಸುಮ್ಮನೆ ಬೈದೀರಿ.

ಬನ್ನಿಗಟ್ಟಿ ಎಂಬ ಊರಿನ ಟಪಾಲು ಕಚೇರಿಯ ಮುಂದೆ ನಾನು ಮರವಾಗಿ ನಿಂತಿದ್ದೆ. ಒಂದು ಬೇಸಿಗೆಯ ಬಿರುಗಾಳಿಗೆ ಬುಡಸಮೇತ ಉರುಳಿದೆ. ಟೊಂಗೆಗಳು ಊರಿನವರ ಒಲೆಗೆ ಹೋದವು, ಬೊಡ್ಡೆ ಅಂದಾನಪ್ಪನಿಗೆ ಸಿಕ್ಕಿತು. ಅಂದಾನಪ್ಪ ಮೂವತ್ತು ವರ್ಷ ಟಪಾಲು ಹಂಚಿ ನಿವೃತ್ತನಾದವನು. ಊರಿನ ಯಾವ ಮನೆಯಲ್ಲಿ ಎಷ್ಟು ಜನ, ಯಾವ ಬಾಗಿಲಿನ ನಾಯಿ ಕಚ್ಚುತ್ತದೆ, ಎಲ್ಲ ಬಲ್ಲವನು. ಆ ವರ್ಷ ಅವನು ಬೀಸುಕಲ್ಲಿನ ಗುರುತಿನ ಪಕ್ಷಕ್ಕೆ ಊರಲ್ಲೊಂದು ಕಚೇರಿ ತೆರೆದಿದ್ದ. ಕಚೇರಿ ಅಂದರೆ ಸಂತೆ ಬಯಲಿನ ಮಗ್ಗುಲಿಗೆ ಒಂದು ಕೋಣೆ, ಬಾಗಿಲ ಮೇಲೊಂದು ಬಾವುಟ, ಒಳಗೊಂದು ನೀರಿನ ಕೊಡ. ಕೂಡ್ರಲು ಏನೂ ಇರಲಿಲ್ಲ.

ಮೌನೇಶಪ್ಪ ನನ್ನನ್ನು ಮಾಡಿ ಮುಗಿಸಿ ನೆಲಕ್ಕಿಟ್ಟಾಗ ಒಂದು ಕಾಲು ನೆಲ ಮುಟ್ಟಲಿಲ್ಲ. ಪಾಪ, ನಾಚಿಕೆಯಿಂದ ಉಳಿದ ಮೂರನ್ನೂ ಕೊಯ್ಯಲು ಗರಗಸ ಎತ್ತಿದ. ಅಂದಾನಪ್ಪ ಅವನ ಕೈ ಹಿಡಿದ.

"ಬಿಡೋ ಮೌನೇಶಾ. ಒಂದು ಗಿಡ್ಡ ಆತಂತ ಮೂರು ಕೊಯ್ಯೂದಕಿಂತ, ಗಿಡ್ಡದ್ದರ ಕೆಳಗ ಒಂದ ಕಲ್ಲಿಡೂದು ಚಲೋ."

ಹಾಗೆ ಒಂದು ಚಪ್ಪಟೆ ಕಲ್ಲು ನನ್ನ ಬಾಳಿನ ಜೊತೆಗಾರನಾಯಿತು.

ಬನ್ನಿಗಟ್ಟಿಯ ಸಂತೆ ಮಂಗಳವಾರ. ಅಂದು ನಸುಕಿಗೇ ಅಂದಾನಪ್ಪ ನನ್ನನ್ನು ಹೊರಗೆ ತಂದು ಬೇಲಿಯ ನೆರಳಿಗೆ ಇಡುತ್ತಿದ್ದ. ಪಕ್ಷದವರಿಗೆ ಅವನದೊಂದು ಕಟ್ಟಪ್ಪಣೆ ಇತ್ತು: "ಕುಂತಾವ ಹೇಳಬೇಕು, ನಿಂತಾವ ಕೇಳಬೇಕು. ನಮ್ಮವರು ಯಾರೂ ಇದರ ಮ್ಯಾಲೆ ಕುಂದರಬಾರದು." ಎಮ್ಮೆಲ್ಲೆ ಬಂದರೆ ಏನು ಮಾಡೂದು ಅಂತ ಯಾರೋ ಕೇಳಿದರು. "ಎಮ್ಮೆಲ್ಲೆಗೂ ಎರಡು ಕಾಲ ಅದಾವಲ್ಲ" ಅಂದ. ನಿಜಕ್ಕೂ ಒಮ್ಮೆ ಎಮ್ಮೆಲ್ಲೆ ಬಂದು ನನ್ನ ಮುಂದೆ ಒಂದು ತಾಸು ನಿಂತು ಬೆವರು ಒರೆಸಿಕೊಂಡು ಹೋದರು. ಆ ದಿನ ನನಗೆ ಸ್ವಲ್ಪ ಸೊಕ್ಕು ಬಂದಿತ್ತು, ಸುಳ್ಳು ಯಾಕೆ ಹೇಳಲಿ.

ಜನ ಬಂದು ಕೂಡುತ್ತಿದ್ದರು. ಎಮ್ಮೆ ಗಬ್ಬಾದದ್ದು, ಸೊಸೆ ಮುನಿಸಿಕೊಂಡದ್ದು, ನಲ್ಲಿಯಲ್ಲಿ ಹುಳ ಬಂದದ್ದು, ಹೇಳಿದ್ದೇ ಹೇಳಿದ್ದು. ಅಂದಾನಪ್ಪ ಕಿವಿಯ ಸಂದಿಗೆ ಪೆನ್ಸಿಲು ಸಿಕ್ಕಿಸಿಕೊಂಡು ನಿಂತೇ ಇರುತ್ತಿದ್ದ, ಬರೆಯುತ್ತಿರಲಿಲ್ಲ. ಅವರು ಮಾತು ಮುಗಿಸಿ, ಸೆರಗು ಕೊಡವಿ ಏಳುವಾಗ ಮೆಲ್ಲಗೆ ಒಂದು ಮಾತು ಹೊರಬೀಳುತ್ತಿತ್ತು. ಆಗ ಅವನ ಪೆನ್ಸಿಲು ಕಿವಿಯಿಂದ ಇಳಿಯುತ್ತಿತ್ತು. "ಕುಂತಾಗ ಹೇಳೂದು ಸುದ್ದಿ, ಎದ್ದು ಹೋಗೂ ಮುಂದ ಹೇಳೂದು ಸಂಕಟ" ಎನ್ನುತ್ತಿದ್ದ.

ಶಾವಂತ್ರವ್ವ ಮೊದಲ ಸಲ ಬಂದದ್ದೂ ಹಾಗೆಯೇ. ಇಪ್ಪತ್ತೆರಡರ ಹೆಣ್ಣು, ಗಂಡ ತೀರಿ ವರ್ಷವಾಗಿರಲಿಲ್ಲ. ರೇಷನ್ ಕಾರ್ಡಿನ ಸುದ್ದಿ ಅರ್ಧ ತಾಸು ಹೇಳಿದಳು. ಎದ್ದು ನಾಲ್ಕು ಹೆಜ್ಜೆ ಹೋಗಿ ತಿರುಗಿ ನಿಂತಳು. "ಕಾಕಾ, ಇಲ್ಲೆ ನನಗೇನರ ಕೆಲಸ ಐತೇನು? ಮನ್ಯಾಗ ಗ್ವಾಡಿ ನೋಡಿ ನೋಡಿ ಹುಚ್ಚ ಹಿಡೀತೈತಿ." ಅಂದಾನಪ್ಪ ಕಿವಿಯ ಪೆನ್ಸಿಲನ್ನು ತೆಗೆದು ಅವಳ ಕೈಗೇ ಕೊಟ್ಟ. ಏಳನೆಯ ಇಯತ್ತೆ ಓದಿದ್ದಳು, ಅಕ್ಷರ ದುಂಡಗಿದ್ದವು. ಅಂದಿನಿಂದ ಅವಳು ಕೂಡುವವರ ಕಡೆ ಬಿಟ್ಟು ನಿಲ್ಲುವವರ ಕಡೆಗೆ ಬಂದಳು.

ಆ ಕಾಲದಲ್ಲಿ ಬೀಸುಕಲ್ಲು ಊರಲ್ಲಿ ಸೋತದ್ದೇ ಇಲ್ಲ. ಪ್ರಚಾರಕ್ಕೆ ಇದ್ದದ್ದು ಒಂದು ತಮಟೆ ಮಾತ್ರ.

ಅಂದಾನಪ್ಪ ತೀರಿದ ಮೇಲೆ ಪ್ರಭುಗೌಡರು ಅಧ್ಯಕ್ಷರಾದರು. ಅವರು ಕೆಟ್ಟವರಲ್ಲ. ಮೊಣಕಾಲು ಗಟ್ಟಿ ಇದ್ದವರು, ಅಷ್ಟೇ. ಪಕ್ಷ ಅಧಿಕಾರದಲ್ಲಿತ್ತು, ಸಂತೆ ಬಯಲಿನ ಅಂಚಿಗೆ ಹೊಸ ಕಟ್ಟಡ ಎದ್ದಿತ್ತು, ಕಚೇರಿಯನ್ನು ಅದರ ಮಹಡಿಗೆ ಒಯ್ದರು. ಇಪ್ಪತ್ತೆರಡು ಮೆಟ್ಟಿಲು. ಮೇಲೆ ಕೆಂಪು ಸೋಫಾ, ಗಾಜಿನ ಬಾಗಿಲು, ತಣ್ಣನೆಯ ಗಾಳಿ. ಆ ಅಂದಕ್ಕೆ ನಾನು ಹೊಂದುವುದಿಲ್ಲ ಎಂದು ನನ್ನನ್ನು ಮೆಟ್ಟಿಲ ಕೆಳಗೆ ನೂಕಿದರು. ಕಲ್ಲು ಮಾತ್ರ ನನ್ನ ಜೊತೆ ಬಂತು, ಶಾವಂತ್ರವ್ವ ಅದನ್ನು ಮರೆಯದೆ ತಂದು ಇಟ್ಟಿದ್ದಳು.

ಮೆಟ್ಟಿಲ ಕೆಳಗಿನಿಂದ ನನಗೆ ಕಾಣುತ್ತಿದ್ದದ್ದು ಕಾಲುಗಳು. ಸೊಪ್ಪು ಮಾರುವ ಫಕೀರವ್ವನ ಕಾಲನ್ನು ನಾನು ಸಾವಿರದಲ್ಲಿ ಗುರುತಿಸಬಲ್ಲೆ: ಬಲ ಹಿಮ್ಮಡಿ ಒಡೆದದ್ದು, ಎಡಗಾಲಲ್ಲಿ ಸವೆದ ಬೆಳ್ಳಿ ಉಂಗುರ. ಆ ಕಾಲುಗಳು ಮಂಗಳವಾರ ಬಂದು ಮೊದಲ ಮೆಟ್ಟಿಲ ಹತ್ತಿರ ನಿಲ್ಲುತ್ತಿದ್ದವು. ಒಂದು ಕಾಲು ಏರುತ್ತಿತ್ತು, ಮೊಣಕಾಲು ಲಟಕ್ ಅನ್ನುತ್ತಿತ್ತು, ಮತ್ತೆ ಇಳಿಯುತ್ತಿತ್ತು. ಹನ್ನೊಂದು ಮಂಗಳವಾರ ಹಾಗೆ ಬಂದಳು. ಹನ್ನೆರಡನೆಯದಕ್ಕೆ ಬರಲಿಲ್ಲ.

ಮೇಲಿನಿಂದ ಗೌಡರ ದನಿ ಕೇಳುತ್ತಿತ್ತು. "ಶಾವಂತ್ರವ್ವಾ, ನೋಡಿದೇನು? ಈಗ ಯಾರೂ ಬರಂಗಿಲ್ಲ. ಮಂದಿಗೆ ತೊಂದರಿನೇ ಇಲ್ಲ ಅಂದಂಗಾತು."

ಅವರು ಅದನ್ನು ನಂಬಿದ್ದರು. ಅದೇ ತಪ್ಪು. ಮೆಟ್ಟಿಲು ತಾವೇ ಕಟ್ಟಿ, ಹತ್ತಲಾರದವರನ್ನು ಸುಖದಲ್ಲಿದ್ದಾರೆ ಎಂದುಕೊಂಡರು. ಆಮೇಲೆ ಎಮ್ಮೆಲ್ಲೆ ಸೋತರು, ತಾಲ್ಲೂಕು ಪಂಚಾಯ್ತಿ ಹೋಯಿತು, ಪಟ್ಟಣ ಪಂಚಾಯ್ತಿಯ ಹದಿನಾರು ವಾರ್ಡಿನಲ್ಲಿ ಒಂದೂ ಬರಲಿಲ್ಲ. ಒಂಬತ್ತನೆಯ ವಾರ್ಡಿನಲ್ಲಿ ನಲವತ್ತೊಂದು ಓಟು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವರು ಮತಯಂತ್ರ ಅಂದರು, ಜಾತಿ ಅಂದರು, ಬಿಸಿಲು ಅಂದರು. ಸೋಲಿನ ಆ ಗಡಿಬಿಡಿಯಲ್ಲೇ ಗೌಡರು ಸ್ಕೂಟರ್ ನಿಲ್ಲಿಸಲು ಜಾಗ ಬೇಕೆಂದು ನನ್ನನ್ನು ಮೆಹಬೂಬಸಾಬನ ಚಹಾದಂಗಡಿಗೆ ಕೊಟ್ಟುಬಿಟ್ಟರು. ಕಲ್ಲು ಮೆಟ್ಟಿಲ ಕೆಳಗೇ ಉಳಿಯಿತು.

ಆರು ವರ್ಷ ಅಲ್ಲಿದ್ದೆ. ಹಮಾಲರು, ಟಂಟಂ ಗಾಡಿ ಓಡಿಸುವವರು, ಬಳೆಗಾರರು, ಎಲ್ಲರ ಭಾರ ಹೊತ್ತೆ, ಎಲ್ಲರ ಮಾತು ಕೇಳಿದೆ. ಬೀಸುಕಲ್ಲಿನವರನ್ನು ಯಾರಾದರೂ ಬೈಯುತ್ತಾರೇನೋ ಎಂದು ಕಾದೆ. ಬೈಯಲಿಲ್ಲ. ಒಂದು ದಿನ ಒಬ್ಬ ಹಮಾಲ ಚಹಾದ ಬಸಿ ನೆಕ್ಕುತ್ತಾ ಕೇಳಿದ, "ಬೀಸೂಕಲ್ಲಿನವ್ರಾ? ಅವರು ಇನ್ನೂ ಅದಾರೇನು?" ಉಳಿದವರು ನಗಲೂ ಇಲ್ಲ. ನನಗೆ ಎಂದೂ ಆಗದ ನೋವು ಅಂದು ಆಯಿತು. ಬೈಗುಳವಾದರೆ ಸಂಬಂಧ ಇನ್ನೂ ಇದೆ ಅಂತ.

ಹೋದ ವರ್ಷ ಒಂಬತ್ತನೆಯ ವಾರ್ಡಿನ ಸದಸ್ಯ ತೀರಿಕೊಂಡು ಆರು ತಿಂಗಳಲ್ಲಿ ಉಪಚುನಾವಣೆ ಅಂತಾಯಿತು. ಪಕ್ಷದ ಜಿಲ್ಲಾ ಅಧ್ಯಕ್ಷರು ಜೀಪಿನಲ್ಲಿ ಬಂದರು. ಸಭೆ ಮುಗಿಸಿ ಗೌಡರನ್ನೂ ಶಾವಂತ್ರವ್ವನನ್ನೂ ಕರೆದುಕೊಂಡು ಚಹಾಕ್ಕೆ ಬಂದರು. ಶಾವಂತ್ರವ್ವನಿಗೆ ಈಗ ಐವತ್ತು ದಾಟಿತ್ತು, ಕೂದಲು ನೆರೆತಿತ್ತು. ಪಕ್ಷ ಬಿಟ್ಟು ಬೇರೆ ಮನೆ ಮಾಡಿದವಳಲ್ಲ.

"ಈ ಒಂದ ವಾರ್ಡರ ಗೆದ್ದು ತೋರಸ್ರಿ" ಅಂದರು ಜಿಲ್ಲಾ ಅಧ್ಯಕ್ಷರು. "ಇಲ್ಲಂದ್ರ ಫಲಿತಾಂಶ ಬಂದ ಮರು ಮಂಗಳವಾರ ನಾ ಬಂದು ಕೀಲಿ ಒಯ್ತೀನಿ. ಯಾರೂ ಬರಲಾರದ ಕಚೇರಿ ಯಾಕ ಬೇಕು?"

ಗೌಡರು ಹಾಡು ಮಾಡಿಸೋಣ, ನಾಲ್ಕು ವಾಹನ ತಿರುಗಿಸೋಣ, ಆಳೆತ್ತರದ ಕಟೌಟು ನಿಲ್ಲಿಸೋಣ ಅಂದರು. ಶಾವಂತ್ರವ್ವ ನನ್ನ ತುದಿಗೆ ಕೂತಿದ್ದಳು. ಕೆಳಗೆ ಕಲ್ಲಿಲ್ಲದೆ ನಾನು ಅಲುಗಾಡಿದೆ. ಅವಳ ಕೈ ತಾನಾಗಿ ಕೆಳಗಿಳಿದು ನನ್ನ ಗಿಡ್ಡ ಕಾಲನ್ನು ಮುಟ್ಟಿತು. ಹಿರಿಯರ ಮೈಮೇಲೆ ಕೂತವಳಂತೆ ಗಡಬಡಿಸಿ ಎದ್ದಳು.

"ಗೌಡ್ರ, ನನಗ ಹಾಡು ಬ್ಯಾಡ. ಈ ಬೆಂಚ ಬೇಕು. ಚುನಾವಣಿಗೆ ನಾನ ನಿಲ್ತೀನಿ."

ಮೆಹಬೂಬಸಾಬ ತಕರಾರು ತೆಗೆದ. "ಅಕ್ಕಾರ, ಆರು ವರ್ಷದಿಂದ ನನ್ನ ಗಿರಾಕಿ ಇದರ ಮ್ಯಾಲೆ ಕುಂತಾರ. ಅವರು ಎಲ್ಲಿ ಕುಂದರಬೇಕು?" ಅವಳು ಮಹಡಿಯ ಕಡೆ ನೋಡಿದಳು. ಮರುದಿನ ಕೆಂಪು ಸೋಫಾ ಇಪ್ಪತ್ತೆರಡು ಮೆಟ್ಟಿಲು ಇಳಿದು ಚಹಾದಂಗಡಿಗೆ ಬಂತು. ನಾನು ಹಿಂದಿರುಗಿದೆ. ಹಮಾಲರು ಆ ಸೋಫಾದಲ್ಲಿ ಕಾಲುಮೇಲೆ ಕಾಲು ಹಾಕಿ ಚಹಾ ಹೀರುವುದನ್ನು ಗೌಡರು ದೂರದಿಂದ ನೋಡಿ ಹಲ್ಲು ಕಡಿದರು.

ಮಂಗಳವಾರ ಬಂತು. ಶಾವಂತ್ರವ್ವ ನನ್ನನ್ನು ಮೆಟ್ಟಿಲ ಬುಡದಲ್ಲಿಟ್ಟು ಪಕ್ಕಕ್ಕೆ ನಿಂತಳು. ಯಾರೂ ಬರಲಿಲ್ಲ. ಎರಡನೆಯ ವಾರ ಒಂದು ಆಡು ಹತ್ತಿ ನಿಂತಿತು. ಮೂರನೆಯ ವಾರ ಒಬ್ಬ ಚಪ್ಪಲಿಯೊಳಗಿನ ಹರಳು ಕೊಡವಲು ಕೂತು, ಅವಳ ಮುಖ ನೋಡಿ "ಓ, ಇಲೆಕ್ಷನ್ ಬಂತೇನು" ಅಂತ ಎದ್ದುಹೋದ. ನಾಲ್ಕನೆಯ ವಾರ ಫಕೀರವ್ವ ಬಂದಳು. ಬುಟ್ಟಿ ಇಳಿಸಿ ಕೂತಳು. ಅವಳ ಭಾರ ಕಡಿಮೆಯಾಗಿತ್ತು.

"ಎಲ್ಲಿ ಹಾಳಾಗಿ ಹೋಗಿದ್ರಿ ಇಷ್ಟ ವರ್ಷ?" ಅಂತ ಶುರುಮಾಡಿದಳು.

ಶಾವಂತ್ರವ್ವ ತಾಳಲಿಲ್ಲ. "ಹಂಗ್ಯಾಕಂತಿ ಯಕ್ಕಾ, ನಿಮ್ಮ ಓಣಿ ರಸ್ತೆ ಯಾರ ಕಾಲಕ್ಕಾತು? ಸಂತಿ ಬಯಲಿಗೆ ದೀಪ ಯಾರು ಹಾಕ್ಸಿದ್ರು?" ಅಂತ ಎಣಿಸತೊಡಗಿದಳು. ಫಕೀರವ್ವ ಎದ್ದು ಬುಟ್ಟಿ ತಲೆಗೇರಿಸಿಕೊಂಡಳು. "ಹೇಳೂದು ನಿಂದ ಐತಿ ಅಂದ್ರ ನಾ ಯಾಕ ಕುಂದ್ರಲಿ? ನೀನ ಕುಂದರು."

ಅವಳು ಹೋದ ಮೇಲೆ ಶಾವಂತ್ರವ್ವ ಮೆಟ್ಟಿಲ ಮೇಲೆ ಕುಸಿದು ತಲೆ ಹಿಡಿದುಕೊಂಡಳು. ಅಂದಾನಪ್ಪನ ಶಾಲೆಯಲ್ಲಿ ಕಲಿತವಳಿಗೇ ಪಾಠ ಮರೆತುಹೋಗಿತ್ತು. ಎಷ್ಟೋ ಹೊತ್ತಿನ ಮೇಲೆ ಎದ್ದು, ಸ್ಕೂಟರ್ ಸರಿಸಿ, ಮೆಟ್ಟಿಲ ಕೆಳಗಿನ ಮಣ್ಣಿನಲ್ಲಿ ಕೈಯಾಡಿಸಿದಳು. ಕಲ್ಲು ಅಲ್ಲೇ ಇತ್ತು. ಸೆರಗಿನಿಂದ ಒರೆಸಿ ನನ್ನ ಕಾಲ ಕೆಳಗಿಟ್ಟಳು. ನಾನು ಅಲುಗಾಡುವುದು ನಿಂತಿತು.

ಮುಂದಿನ ಮಂಗಳವಾರ ಫಕೀರವ್ವ ಮತ್ತೆ ಬಂದಳು. ಬೈಯಲು ಉಳಿದದ್ದು ಬಹಳ ಇತ್ತಲ್ಲ. ಒಂದು ತಾಸು ಬೈದಳು. ಹನ್ನೊಂದು ಸಲ ಮೆಟ್ಟಿಲ ಬುಡಕ್ಕೆ ಬಂದು ಹೋದದ್ದನ್ನೂ ಹೇಳಿದಳು. ಶಾವಂತ್ರವ್ವನ ಕಣ್ಣು ತುಂಬಿದವು, ಬಾಯಿ ತೆರೆಯಲಿಲ್ಲ. ಕೊನೆಗೆ ಫಕೀರವ್ವನಿಗೇ ಸಾಕಾಯಿತು. ಮೊಣಕಾಲಿಗೆ ಕೈಯೂರಿ ಏಳುತ್ತಾ ದನಿ ತಗ್ಗಿಸಿದಳು.

"ಸಂತ್ಯಾಗ ನಾವು ಹೆಣಮಕ್ಕಳು ಮುಂಜಾನಿಂದ ನೀರು ಕುಡಿಯಂಗಿಲ್ಲ ಶಾವಂತ್ರೀ. ಕುಡದ್ರ ಹೋಗಾಕ ಜಾಗಾ ಇಲ್ಲ. ಹೋದ ಬ್ಯಾಸಗ್ಯಾಗ ಬಳಿ ಮಾರೂ ದ್ಯಾಮವ್ವ ಅಲ್ಲೇ ಬಿದ್ಲು. ಗಂಡಸ್ರಿಗೆ ಇದನ್ನ ಹೆಂಗ ಹೇಳೂದು?"

ಪೆನ್ಸಿಲು ಕಿವಿಯಿಂದ ಇಳಿಯಿತು. ಹದಿನಾಲ್ಕು ವರ್ಷದ ಮೇಲೆ ಮೊದಲ ಸಲ.

ಸಂತೆ ಬಯಲಿನ ಮೂಲೆಯಲ್ಲಿ ಹೆಂಗಸರ ಶೌಚಾಲಯ ಒಂದಿತ್ತು. ಕಟ್ಟಿದಾಗಿನಿಂದ ಅದರ ಬಾಗಿಲಿಗೆ ಬೀಗ. ಮೇಲೆ ಶಿಲಾಫಲಕ, ಫಲಕದಲ್ಲಿ ಪ್ರಭುಗೌಡರ ಹೆಸರು. ಶಾವಂತ್ರವ್ವ ವಿಚಾರಿಸಿದಾಗ ತಿಳಿಯಿತು: ಉದ್ಘಾಟನೆಯ ದಿನ ರಿಬ್ಬನ್ ಬಂದಿತ್ತು, ನೀರಿನ ಪೈಪು ಬಂದಿರಲಿಲ್ಲ. ಆಮೇಲೆ ಯಾರೂ ಕೇಳಲಿಲ್ಲ.

ಗೌಡರ ಮುಖ ಅರಳಿತು. "ಭೇಷ್. ಈಗ ಪಂಚಾಯ್ತಿ ಅವರ ಕೈಯಾಗೈತಿ. ಬೀಗ ಹಾಕಿದವರು ಅವರು ಅಂತ ಹೇಳೂಣು. ಒಳ್ಳೆ ವಿಷಯ ಸಿಕ್ತು."

"ಪೈಪ ಹಾಕಸಲಾರದ ರಿಬ್ಬನ್ ಕತ್ತರಿಸಿದವರು ನಾವ್ರಿ ಗೌಡ್ರ. ಸಂತಿ ಮಂದಿಗೆ ಅದು ಗೊತ್ತಿಲ್ಲಂತ ತಿಳದೀರೇನು?"

ಆ ಮಂಗಳವಾರ ನನ್ನನ್ನು ಹೊತ್ತು ತಂದು ಆ ಬೀಗದ ಬಾಗಿಲ ಮುಂದೆ ಇಟ್ಟರು. ಫಕೀರವ್ವ, ದ್ಯಾಮವ್ವ, ಮತ್ತೆ ಐದಾರು ಹೆಂಗಸರು ಇಕ್ಕಟ್ಟಾಗಿ ಕೂತರು. ಗೌಡರು ಬರುತ್ತಾರೆಂದು ನಾನು ನಂಬಿರಲಿಲ್ಲ. ಬಂದರು. ಕಪ್ಪು ಕನ್ನಡಕ ಹಾಕಿಕೊಂಡು ಬಂದವರು ಸ್ವಲ್ಪ ಹೊತ್ತಿಗೆ ಅದನ್ನು ತೆಗೆದು ಜೇಬಿಗಿಟ್ಟುಕೊಂಡರು. ತಮ್ಮ ಹೆಸರಿನ ಫಲಕದ ಕೆಳಗೆ ಬಿಸಿಲಲ್ಲಿ ನಿಂತು ಒಂದೊಂದೇ ಮಾತು ಕೇಳಿದರು. "ತಪ್ಪಾಗೈತ್ರೆವಾ" ಅಂದರು, ಅದರ ಮುಂದೆ ಒಂದಕ್ಷರ ಸೇರಿಸಲಿಲ್ಲ. ಆ ಗಳಿಗೆಯಿಂದ ನಾನು ಅವರನ್ನು ಕ್ಷಮಿಸಿದ್ದೇನೆ.

ಮರುದಿನ ಅರ್ಜಿ ಹಿಡಿದು ಅವರೇ ಪಂಚಾಯ್ತಿಗೆ ಹೋದರು, ಒಂದು ಕಾಲಕ್ಕೆ ತಾವು ಆಳಿದ ಜಾಗದಲ್ಲಿ ಸಾಲಿನಲ್ಲಿ ನಿಂತರು. ಐದು ಸಲ ತಿರುಗಿದ ಮೇಲೆ, ಚುನಾವಣೆ ಘೋಷಣೆಗೆ ಹದಿನೈದು ದಿನ ಮೊದಲು, ಪೈಪು ಬಂತು, ಬೀಗ ತೆರೆಯಿತು. ಈ ಸಲ ರಿಬ್ಬನ್ ಇರಲಿಲ್ಲ. ಎದುರು ಪಕ್ಷದವರು ರಾತ್ರೋರಾತ್ರಿ ತಮ್ಮ ಬ್ಯಾನರು ಕಟ್ಟಿಕೊಂಡರು. ಗೌಡರು ಕಿಡಿಕಿಡಿಯಾದರು. ಶಾವಂತ್ರವ್ವ ನಕ್ಕಳು. "ಬಾಗಲಾ ತೆರದೈತಲ್ರಿ. ಬ್ಯಾನರ ಬಿಸಲಿಗೆ ಮಾಸ್ತೈತಿ, ಬಿಡ್ರಿ."

ಅಂದು ನಡುಹಗಲಿನ ಸಂತೆಯಲ್ಲಿ ಫಕೀರವ್ವ ಮೆಹಬೂಬಸಾಬನ ಅಂಗಡಿಯಿಂದ ಒಂದು ತಂಬಿಗೆ ನೀರು ಇಸಿದುಕೊಂಡು, ಎಲ್ಲರ ಮುಂದೆ ನಿಂತು ಗಟಗಟನೆ ಕುಡಿದಳು. ಮರವಾಗಿದ್ದಾಗ ಮೊದಲ ಮಳೆಗೆ ನನಗಾಗುತ್ತಿದ್ದ ಸುಖ ಅದನ್ನು ನೋಡಿ ಆಯಿತು.

ಆದರೂ ಚುನಾವಣೆಯಲ್ಲಿ ಶಾವಂತ್ರವ್ವ ಸೋತಳು. ಎದುರಿನವರಿಗೆ ನಾನೂರ ಏಳು, ಅವಳಿಗೆ ಮುನ್ನೂರ ಎಂಬತ್ತೆಂಟು. ಹತ್ತೊಂಬತ್ತು ಓಟು. ನಲವತ್ತೊಂದರಿಂದ ಇಲ್ಲಿಗೆ ಬಂದದ್ದು ಸಣ್ಣದಲ್ಲ ಎಂದು ಎಲ್ಲರೂ ಸಮಾಧಾನ ಹೇಳಿದರು. ಆದರೆ ಮಾತು ಮಾತೇ. ಮಂಗಳವಾರ ಕೀಲಿ ಹೋಗಬೇಕು. ಆಮೇಲೆ ನನ್ನ ಗತಿ ಯಾವುದಾದರೂ ಒಲೆ.

ಆ ಮಂಗಳವಾರ ಬೆಳಿಗ್ಗೆ ಅವಳು ಕೀಲಿ ಸೆರಗಿಗೆ ಕಟ್ಟಿಕೊಂಡು ಬಂದಳು. ಕಣ್ಣು ಬಾತಿದ್ದವು. ಮೆಟ್ಟಿಲ ಕೆಳಗಿದ್ದ ನನ್ನನ್ನು ಒಮ್ಮೆ ನೋಡಿದಳು, ಹೊರಗೆಳೆಯಲಿಲ್ಲ. ಆಗ ಕೆಳಗಿನ ಮೆಟ್ಟಿಲ ಹತ್ತಿರ ಆ ಒಡೆದ ಹಿಮ್ಮಡಿ ಬಂದು ನಿಂತಿತು. ಅದರ ಹಿಂದೆ ಮತ್ತೆ ಹತ್ತು ಹನ್ನೆರಡು ಜೊತೆ ಕಾಲು.

"ಬೆಂಚ ಎಲ್ಲೈತಿ?" ಅಂದಳು ಫಕೀರವ್ವ.

"ಸೋತ್ನಲ್ಲ ಯಕ್ಕಾ."

"ಸೋತದ್ದು ನನಗ್ಗೊತ್ತು. ನಾನ ಹಾಕಿಲ್ಲ ಓಟು."

ಶಾವಂತ್ರವ್ವನ ಕೈ ಸೆರಗಿನ ಕೀಲಿಯ ಗಂಟಿಗೆ ಹೋಯಿತು.

"ಸಿಟ್ಟಾಗಬ್ಯಾಡ" ಅಂದಳು ಫಕೀರವ್ವ. "ಇಲೆಕ್ಷನ್ ಮುಂದ ಎಲ್ಲಾರೂ ನಿಂದರ್ತಾರವಾ. ಮುಗದ ಮ್ಯಾಲೂ ಈ ಬೆಂಚ ಹೊರಗ ಬರತೈತೋ ಇಲ್ಲೋ ನೋಡಬೇಕಾಗಿತ್ತು. ನಮ್ಮ ಮನ್ಯಾಗ ಐದ ಓಟು. ಓಣ್ಯಾಗ ಇನ್ನೂ ಅದಾವು. ಇವತ್ತ ಮಂಗಳವಾರ ಹೌದಲ್ಲೋ?"

ಶಾವಂತ್ರವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಅಳುತ್ತಿದ್ದಳೋ ನಗುತ್ತಿದ್ದಳೋ ಕೆಳಗಿನಿಂದ ನನಗೆ ಕಾಣಲಿಲ್ಲ. ಎರಡೂ ಕೈಯಿಂದ ನನ್ನನ್ನು ಎಳೆದು ಹೊರಗೆ ತಂದಳು, ಕಲ್ಲನ್ನು ಹುಡುಕಿ ಕಾಲ ಕೆಳಗಿಟ್ಟಳು, ಕಿವಿಗೆ ಪೆನ್ಸಿಲು ಸಿಕ್ಕಿಸಿ ನಿಂತಳು.

ಹತ್ತು ಗಂಟೆಗೆ ಜಿಲ್ಲಾ ಅಧ್ಯಕ್ಷರ ಜೀಪು ಬಂತು. ಜನ ಸೇರಿದ್ದನ್ನು ಕಂಡು ಜಗಳವೇನೋ ಎಂದುಕೊಂಡು ಇಳಿದರು. ಬೆನ್ನು ನೋವಿನ ಮನುಷ್ಯ, ದೂರದಿಂದ ಬೇರೆ ಬಂದಿದ್ದರು, ನನ್ನ ಮೇಲೆ ತುಸು ಜಾಗ ಕಂಡು ಕೂಡಲು ಹೊರಟರು.

"ಸಾಹೇಬ್ರ, ನೀವು ನಿಂದರಬೇಕ್ರಿ" ಅಂದಳು ಫಕೀರವ್ವ.

ಅವರು ನಿಂತರು. ಮಧ್ಯಾಹ್ನದವರೆಗೂ ನಿಂತರು. ಕೀಲಿಯ ಮಾತೇ ಎತ್ತಲಿಲ್ಲ. ಜೀಪಿನವರೆಗೆ ಹೋದವರು ತಿರುಗಿ ಬಂದು, ಶಾವಂತ್ರವ್ವನ ಹತ್ತಿರ ದನಿ ತಗ್ಗಿಸಿ ಅಂದರು, "ನಮ್ಮೂರ ಕಚೇರಿ ಮುಂದೂ ಇಂಥಾದೊಂದು ಬೆಂಚ ಇತ್ತವಾ. ಎಲ್ಲಿ ಹೋತೋ ಗೊತ್ತಿಲ್ಲ."

ಅವಳ ಪೆನ್ಸಿಲು ಕಿವಿಯಿಂದ ಇಳಿಯಿತು.

ಈಗ ಕಚೇರಿ ಮಹಡಿ ಬಿಟ್ಟು ಕೆಳಗಿನ ಕೋಣೆಗೆ ಬಂದಿದೆ. ನನಗೆ ವಯಸ್ಸಾಯಿತು. ನಡುವೆ ಸೀಳು ಬಿಟ್ಟಿದ್ದೇನೆ, ಮೌನೇಶಪ್ಪನ ಮಗ ಕಬ್ಬಿಣದ ಪಟ್ಟಿ ಬಡಿದಿದ್ದಾನೆ. ಮುಂದಿನ ಚುನಾವಣೆಗೆ ಇನ್ನೂ ಎರಡು ವರ್ಷವಿದೆ, ಬೀಸುಕಲ್ಲು ಗೆಲ್ಲುತ್ತದೋ ಇಲ್ಲವೋ ನಾನು ಹೇಳಲಾರೆ, ಬೆಂಚು ಭವಿಷ್ಯ ನುಡಿಯಬಾರದು. ಮೊನ್ನೆ ಮೆಹಬೂಬಸಾಬನ ಅಂಗಡಿಯ ಹಮಾಲ, ಆ ಬಸಿ ನೆಕ್ಕಿದವನೇ, ಬಂದು ಕೂತು ಬೀಸುಕಲ್ಲಿನವರನ್ನು ಅರ್ಧ ತಾಸು ಬಾಯಿಗೆ ಬಂದಂತೆ ಬೈದ. ಶಾವಂತ್ರವ್ವ ನಿಂತು ಕೇಳಿದಳು. ನನಗಂತೂ ಮೈಯೆಲ್ಲ ಚಿಗುರಿದ ಹಾಗಾಯಿತು.